ಎಣಿಸುವುದೂ ಓದಿನ ಒಂದು ಭಾಗವೇ

ಕಳೆದ ವರ್ಷ ಮೊಹರಂ ಮುಗಿದು ಕೆಲವು ದಿನಗಳಾಗಿದ್ದವು. ಅಮ್ಮಿಯ ಹಳೆಯ ಮೊಬೈಲಿನಲ್ಲಿ ಫೋಟೊ ಹುಡುಕುತ್ತಿದ್ದಾಗ ನಮ್ಮ ದಾದಾ ಅವರ ದನಿ ಸಿಕ್ಕಿತು. ದಾದಾ ಕುಂದಗೋಳ ಕಡೆಯ ಹಳ್ಳಿಯವರು. ಮನೆಯಲ್ಲಿ ಮಾತಾಡುತ್ತಿದ್ದದ್ದು ದಖನಿ. ಆದರೆ ಮೊಹರಂನಲ್ಲಿ ಅಲಾಯಿ ಕುಣಿಯ ಮುಂದೆ ಹಾಡುತ್ತಿದ್ದ ರಿವಾಯತ್ ಪದಗಳು ಅಚ್ಚ ಕನ್ನಡದವು. ಅವರು ತೀರಿಕೊಂಡು ಎರಡು ವರ್ಷವಾಯಿತು. ಈಗ ಉಳಿದಿರುವುದು ನಾಲ್ಕೇ ನಿಮಿಷದ ಒಂದು ರೆಕಾರ್ಡಿಂಗ್. ಅದರಲ್ಲೂ ಅರ್ಧ ನಿಮಿಷ ಅಡುಗೆಮನೆಯ ಮಿಕ್ಸರ್ ಸದ್ದು.

ಆ ಪದವನ್ನು ಕೇಳಿ ಕೇಳಿ ಟೈಪ್ ಮಾಡಲು ಕುಳಿತೆ. ಅದರಲ್ಲಿ ‘ಕಣ’ ಎಂಬ ಮಾತು ಮೂರು ಸಲ ಬರುತ್ತದೆ. ವಿಜ್ಞಾನದ ವಿದ್ಯಾರ್ಥಿಯಾದ ನನಗೆ ಕಣ ಎಂದರೆ ಭೌತಶಾಸ್ತ್ರದ ಕಣ. ಪೇಪರಿನಲ್ಲಿ ಓದಿದ್ದು ಚುನಾವಣಾ ಕಣ. ಕರ್ಬಲಾದ ಕಥೆಯಾದ್ದರಿಂದ ಯುದ್ಧದ ಕಣವೇ ಇರಬೇಕು ಎಂದು ಬರೆದುಕೊಂಡೆ. ಅಮ್ಮಿ ಬಂದು ಕೇಳಿ ನಕ್ಕರು. “ಅದು ರಾಶಿ ಮಾಡೋ ಕಣ. ನಿಮ್ಮ ದಾದಾ ರೈತರಲ್ಲೇನು?” ಎಂದರು. ತೆನೆ ತುಳಿಸಿ ಕಾಳು ಬೇರೆ ಮಾಡುವ ನೆಲವನ್ನು ದಾದಾ ಕರ್ಬಲಾದ ನೆಲಕ್ಕೆ ಹೋಲಿಸಿ ಹಾಡಿದ್ದರು. ನಾನು ಎಷ್ಟೋ ವರ್ಷ ಕೇಳಿದ್ದ ಹಾಡು ಅಂದು ಮೊದಲ ಸಲ ಅರ್ಥವಾಯಿತು.

ಆಮೇಲೆ ಒಂದು ಪ್ರಶ್ನೆ ಕಾಡತೊಡಗಿತು. ಬೇರೆ ಊರಿನ ರಿವಾಯತ್ ಪದಗಳಲ್ಲೂ ಈ ‘ಕಣ’ ಇದೆಯೇ? ಇದು ದಾದಾ ಅವರದೇ ಕಲ್ಪನೆಯೋ ಅಥವಾ ಈ ಭಾಗದ ಎಲ್ಲ ಹಾಡುಗಾರರ ಬಾಯಲ್ಲಿ ಇದ್ದದ್ದೋ? ಇಂಟರ್‌ನೆಟ್‌ನಲ್ಲಿ ಹುಡುಕಿದೆ. ನಾನು ಹುಡುಕಿದ ರೀತಿಯಲ್ಲಿ ಏನೂ ಸಿಗಲಿಲ್ಲ. ಈ ಲೇಖನ ಬರೆಯಲು ಆ ‘ಏನೂ ಸಿಗಲಿಲ್ಲ’ ಎಂಬುದೇ ಕಾರಣ.

ಇದೇ ಪ್ರಶ್ನೆಯನ್ನು ವಚನಗಳ ಬಗ್ಗೆ ಕೇಳಿದರೆ ಉತ್ತರ ಒಂದು ನಿಮಿಷದಲ್ಲಿ ಸಿಗುತ್ತದೆ. ‘ವಚನ ಸಂಚಯ’ ಎಂಬ ಜಾಲತಾಣವಿದೆ. ಓ.ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ ಅವರಂಥ ಸಾಹಿತಿಗಳೂ ಓಂಶಿವಪ್ರಕಾಶ್, ದೇವರಾಜು ಅವರಂಥ ತಂತ್ರಜ್ಞರೂ ಸೇರಿ ಕಟ್ಟಿದ್ದು. ಅದರಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳಿವೆ. ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನದಲ್ಲಿ ಬಂದಿದೆ, ಯಾವ ವಚನಕಾರರು ಬಳಸಿದ್ದಾರೆ ಎಂದು ತೋರಿಸುತ್ತದೆ. ‘ಕಾಯಕ’ ಎಂಬ ಪದ ಯಾರ ವಚನಗಳಲ್ಲಿ ಹೆಚ್ಚು, ಯಾರಲ್ಲಿ ಇಲ್ಲವೇ ಇಲ್ಲ ಎಂದು ನೋಡಬಹುದು. ಹಿಂದೆ ಒಬ್ಬ ಸಂಶೋಧಕ ಇದಕ್ಕಾಗಿ ಸಂಪುಟಗಳನ್ನು ಮುಂದಿಟ್ಟುಕೊಂಡು ತಿಂಗಳುಗಟ್ಟಲೆ ಚೀಟಿ ಬರೆಯಬೇಕಾಗಿತ್ತು.

ಆದರೆ ಆ ಒಂದು ನಿಮಿಷದ ಹಿಂದೆ ನೂರು ವರ್ಷದ ದುಡಿಮೆ ಇದೆ ಎಂಬುದನ್ನು ಮರೆಯಬಾರದು. ಧಾರವಾಡದಲ್ಲಿ 1880ರಲ್ಲಿ ಹುಟ್ಟಿದ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಕೀಲರಾಗಿದ್ದರು. ಊರೂರು ಅಲೆದು ತಾಳೆಗರಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ಪ್ರಕಟಿಸಿದರು. ತಮ್ಮದೇ ಮುದ್ರಣಾಲಯ ಹಾಕಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ತೆಗೆದರು. ಆಮೇಲೆ ಬಂದ ಅನೇಕ ವಿದ್ವಾಂಸರ ಶ್ರಮದಿಂದ, ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ, ಕರ್ನಾಟಕ ಸರ್ಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ತಂದಿತು. ಕಂಪ್ಯೂಟರು ಬಂದದ್ದು ಕೊನೆಯಲ್ಲಿ. ಹಳಕಟ್ಟಿಯವರು ಕೂಡಿಸದಿದ್ದರೆ ಕಂಪ್ಯೂಟರಿಗೆ ಎಣಿಸಲು ಏನೂ ಇರುತ್ತಿರಲಿಲ್ಲ.

ಈ ಪ್ರಸ್ತಾಪ ನಮ್ಮ ತರಗತಿಯಲ್ಲಿ ಬಂದಾಗ ಕಲಾ ವಿಭಾಗದ ಗೆಳತಿಯೊಬ್ಬಳು ಆಕ್ಷೇಪಿಸಿದಳು. “ಕವಿತೆಯನ್ನು ಎಣಿಸಿದರೆ ಏನು ಬಂತು? ಹೂವಿನ ದಳ ಎಣಿಸಿದರೆ ಪರಿಮಳ ಗೊತ್ತಾಗುತ್ತದೆಯೇ?” ಎಂದಳು. ಮಾತು ಚೆನ್ನಾಗಿದೆ. ಆದರೆ ಪೂರ್ತಿ ಸರಿಯಲ್ಲ. ಪರಿಮಳಕ್ಕಾಗಿ ಯಾರೂ ದಳ ಎಣಿಸುವುದಿಲ್ಲ. ಇದು ಯಾವ ಜಾತಿಯ ಹೂವು ಎಂದು ತಿಳಿಯಲು ಸಸ್ಯಶಾಸ್ತ್ರದ ತರಗತಿಯಲ್ಲಿ ನಾವೆಲ್ಲ ದಳ ಎಣಿಸಿಯೇ ಇದ್ದೇವೆ.

ಎಣಿಸುವುದು ಹೊಸ ಚಾಳಿಯೂ ಅಲ್ಲ, ಹೊರಗಿನಿಂದ ಬಂದದ್ದೂ ಅಲ್ಲ. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿದ್ದ ಅಲ್‌ ಕಿಂದಿ ಗುಪ್ತಲಿಪಿಯನ್ನು ಬಿಡಿಸಲು ಒಂದು ಉಪಾಯ ಬರೆದಿಟ್ಟರು. ಅದೇ ಭಾಷೆಯ ಸಾಮಾನ್ಯ ಬರಹವೊಂದನ್ನು ತೆಗೆದುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸು, ಗುಪ್ತಲಿಪಿಯ ಗುರುತುಗಳನ್ನೂ ಹಾಗೆಯೇ ಎಣಿಸು, ಎರಡನ್ನೂ ಹೋಲಿಸು ಎಂಬುದು ಅದರ ತಿರುಳು. ಭಾಷೆಯನ್ನು ಅಂಕಿಯ ಮೂಲಕ ನೋಡುವ ಈ ವಿಧಾನದ ಅತ್ಯಂತ ಹಳೆಯ ವಿವರಣೆಯಾಗಿ ಇಂದು ನಮಗೆ ಸಿಕ್ಕಿರುವುದು ಅವರದೇ. ನಾವು ಕಂಪ್ಯೂಟರ್ ತರಗತಿಯಲ್ಲಿ ದಿನವೂ ಹೇಳುವ ‘ಅಲ್ಗಾರಿದಮ್’ ಎಂಬ ಮಾತು ಅದೇ ಬಗ್ದಾದಿನ ಅಲ್‌ ಖ್ವಾರಿಜ್ಮಿಯ ಹೆಸರಿನಿಂದ ಬಂದದ್ದು.

ಸಾಹಿತ್ಯದ ಅಧ್ಯಯನಕ್ಕೆ ಯಂತ್ರವನ್ನು ಬಳಸಿದ ಮೊದಲಿಗರಲ್ಲಿ ಇಟಲಿಯ ಪಾದ್ರಿ ರೊಬೆರ್ತೊ ಬೂಸಾ ಒಬ್ಬರು. ತಾಮಸ್ ಅಕ್ವೈನಾಸ್ ಎಂಬ ಧರ್ಮಪಂಡಿತರ ಬರಹಗಳ ಪದಸೂಚಿ ಮಾಡಲು ಅವರು 1949ರಲ್ಲಿ ಐಬಿಎಂ ಕಂಪನಿಯ ನೆರವು ಕೇಳಿದರು. ಒಂದು ಕೋಟಿಗೂ ಹೆಚ್ಚು ಪದಗಳು. ಕೆಲಸ ಸುಮಾರು 30 ವರ್ಷ ನಡೆದು 56 ಸಂಪುಟಗಳಾದವು. ಪದಗಳನ್ನು ರಂಧ್ರದ ಕಾರ್ಡುಗಳಿಗೆ ಇಳಿಸಿದವರಲ್ಲಿ ಹೆಚ್ಚಿನವರು ಯುವತಿಯರು. ಅವರ ಹೆಸರು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಈ ಕೆಲಸದಲ್ಲಿ ಟೈಪ್ ಮಾಡುವವರು ಕೂಲಿಗಳಲ್ಲ, ಅವರೂ ಸಂಶೋಧಕರೇ. ನಾಳೆ ನಾವು ಏನಾದರೂ ಮಾಡಿದರೆ ಅವರ ಹೆಸರು ಮೊದಲ ಪುಟದಲ್ಲೇ ಇರಬೇಕು.

ಎಣಿಕೆಯಿಂದ ಕರ್ತೃ ಯಾರೆಂದೂ ಹೇಳಬಹುದು. ಅಮೆರಿಕದ ಸಂವಿಧಾನದ ಪರವಾಗಿ 1787-88ರಲ್ಲಿ ಗುಪ್ತನಾಮದಲ್ಲಿ ಬಂದ 85 ಲೇಖನಗಳಲ್ಲಿ 12ರ ಬಗ್ಗೆ ಹ್ಯಾಮಿಲ್ಟನ್ ಬರೆದದ್ದೋ ಮ್ಯಾಡಿಸನ್ ಬರೆದದ್ದೋ ಎಂಬ ವಿವಾದವಿತ್ತು. ಮೊಸ್ಟೆಲರ್ ಮತ್ತು ವ್ಯಾಲೇಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1964ರಲ್ಲಿ ದೊಡ್ಡ ದೊಡ್ಡ ವಿಚಾರಗಳನ್ನು ಬಿಟ್ಟು ಸಣ್ಣ ಸಣ್ಣ ಪದಗಳನ್ನು ಎಣಿಸಿದರು. ‘ಅಪಾನ್’ ಎಂಬ ಪದವನ್ನು ಹ್ಯಾಮಿಲ್ಟನ್ ಮಾತುಮಾತಿಗೆ ಬಳಸುತ್ತಿದ್ದರು, ಮ್ಯಾಡಿಸನ್ ಬಳಸುತ್ತಿದ್ದದ್ದು ಅಪರೂಪ. ಇಂಥ ಹಲವು ಪದಗಳ ಲೆಕ್ಕದಿಂದ ಆ 12 ಲೇಖನಗಳು ಮ್ಯಾಡಿಸನ್ ಅವರವೇ ಎಂಬ ತೀರ್ಮಾನಕ್ಕೆ ಬಂದರು.

ಇದನ್ನು ಓದಿದ ಕೂಡಲೇ ನಮ್ಮ ‘ಕವಿರಾಜಮಾರ್ಗ’ ನೆನಪಾಯಿತು. ಅದನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ವಿದ್ವಾಂಸರು ಬಹಳ ಕಾಲ ವಾದಿಸಿದ್ದಾರೆ. ಕಂಪ್ಯೂಟರಿಗೆ ಕೊಟ್ಟರೆ ತೀರಿತಲ್ಲ? ತೀರುವುದಿಲ್ಲ. ಹ್ಯಾಮಿಲ್ಟನ್ ಮತ್ತು ಮ್ಯಾಡಿಸನ್ ಇಬ್ಬರೂ ಬರೆದ ಬೇರೆ ಲೇಖನಗಳು ಕೈಯಲ್ಲಿದ್ದವು, ಆದ್ದರಿಂದ ಹೋಲಿಸಲು ಸಾಧ್ಯವಾಯಿತು. ಶ್ರೀವಿಜಯನದೆಂದು ಖಚಿತವಾಗಿ ಹೇಳಬಹುದಾದ ಬೇರೆ ಕನ್ನಡ ಕೃತಿ ನಮ್ಮ ಕೈಯಲ್ಲಿಲ್ಲ. ತಕ್ಕಡಿ ಎಷ್ಟೇ ಒಳ್ಳೆಯದಿರಲಿ, ಇನ್ನೊಂದು ತಟ್ಟೆಗೆ ಹಾಕಲು ಏನೂ ಇಲ್ಲದಿದ್ದರೆ ತೂಗುವುದು ಹೇಗೆ? ಹಾಗಾಗಿ ಎಣಿಕೆ ಎಲ್ಲಿ ಸಾಧ್ಯ, ಎಲ್ಲಿ ಸಾಧ್ಯವಿಲ್ಲ ಎಂದು ತಿಳಿಯಲು ಸಾಹಿತ್ಯ ಗೊತ್ತಿರಲೇಬೇಕು.

ಕನ್ನಡದಲ್ಲಿ ಇನ್ನೂ ಕೆಲವು ತೊಡಕುಗಳಿವೆ. ಮನೆ, ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಯವರು ಇವೆಲ್ಲ ನಮಗೆ ಒಂದೇ ಪದದ ರೂಪಗಳು. ಏನೂ ಹೇಳಿಕೊಡದ ಕಂಪ್ಯೂಟರಿಗೆ ಇವು ಐದು ಬೇರೆ ಬೇರೆ ಪದಗಳು. ಸಂಧಿಯಾದರಂತೂ ಎರಡು ಪದ ಸೇರಿ ಮೂರನೆಯದೇ ಆಗಿಬಿಡುತ್ತದೆ. ವಿಭಕ್ತಿ ಪ್ರತ್ಯಯಗಳನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವಾಗ ಇದರಿಂದೇನು ಉಪಯೋಗ ಎಂದು ನಾವೆಲ್ಲ ಗೊಣಗಿದ್ದೇವೆ. ಪ್ರೋಗ್ರಾಂ ಬರೆಯಲು ಕುಳಿತ ದಿನ ಅದರ ಉಪಯೋಗ ಗೊತ್ತಾಯಿತು.

ಕಾಗುಣಿತದ ಕಥೆ ಇನ್ನೊಂದು. ಶರೀಫ, ಶರೀಫ್, ಷರೀಫ. ನಮಾಜ, ನಮಾಜ್, ನಮಾಝ್. ಅಲಾಯಿ, ಅಲಾವಿ. ನಮ್ಮ ಸಮುದಾಯದ ಹೆಸರುಗಳಿಗೂ ಪದಗಳಿಗೂ ಕನ್ನಡದಲ್ಲಿ ಒಂದೇ ಬರವಣಿಗೆ ಇಲ್ಲ. ಒಂದು ರೂಪ ಹುಡುಕಿದರೆ ಉಳಿದವು ತಪ್ಪಿಸಿಕೊಳ್ಳುತ್ತವೆ. ಅಂದರೆ ನನಗೆ ‘ಏನೂ ಸಿಗಲಿಲ್ಲ’ ಎಂದಾಗ ಇಲ್ಲವೆಂದೇ ಅರ್ಥವಲ್ಲ, ನಾನು ಬೇರೆ ಕಾಗುಣಿತದಲ್ಲಿ ಹುಡುಕಿದ್ದಿರಲೂಬಹುದು.

ಇನ್ನೊಂದು ನಮ್ಮ ಕಾಲೇಜಿನದೇ ಅನುಭವ. ಹಳೆಯ ವಾರ್ಷಿಕ ಸಂಚಿಕೆಗಳ ಫೈಲುಗಳನ್ನು ಲ್ಯಾಬಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಅವನ್ನು ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಲಾಗಿದೆ. ಆ ಫಾಂಟುಗಳಲ್ಲಿ ಕನ್ನಡ ಅಕ್ಷರ ಕಣ್ಣಿಗೆ ಮಾತ್ರ ಕನ್ನಡ, ಕಂಪ್ಯೂಟರಿನ ಒಳಗೆ ಅದು ಇಂಗ್ಲಿಷ್ ಅಕ್ಷರದ ಸಂಕೇತವೇ ಆಗಿರುತ್ತಿತ್ತು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ವಂತ ಜಾಗ ಸಿಕ್ಕಿದೆ. ಆದರೂ ಎಷ್ಟೋ ವರ್ಷ ನಾವೆಲ್ಲ ಹಳೆಯ ರೀತಿಯಲ್ಲೇ ಟೈಪ್ ಮಾಡಿದೆವು. ಅವನ್ನು ಪರಿವರ್ತಿಸುವ ತಂತ್ರಾಂಶಗಳಿವೆ. ಪರಿವರ್ತಿಸಿ ತಿದ್ದುವ ಕೈಗಳು ಬೇಕು, ಅಷ್ಟೇ.

ಅಂಕಿಗಳ ಬಗ್ಗೆ ಒಂದು ಎಚ್ಚರವೂ ಇರಲಿ. ಪವಿತ್ರ ಗ್ರಂಥದಲ್ಲಿ ಇಂಥ ಪದ ಇಷ್ಟೇ ಸಲ ಬರುತ್ತದೆ, ಇದೇ ಪವಾಡ ಎಂಬ ಸಂದೇಶಗಳು ವಾಟ್ಸಾಪಿನಲ್ಲಿ ನಮಗೆಲ್ಲ ಬರುತ್ತವೆ. ನಮ್ಮ ಧರ್ಮದವೂ ಬರುತ್ತವೆ, ಬೇರೆ ಧರ್ಮದವೂ ಬರುತ್ತವೆ. ಮುಂದಕ್ಕೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಯಾರು ಎಣಿಸಿದರು? ಏಕವಚನ, ಬಹುವಚನ, ಪ್ರತ್ಯಯ ಸೇರಿದ ರೂಪಗಳನ್ನು ಕೂಡಿಸಿ ಎಣಿಸಿದರೋ, ಬಿಟ್ಟು ಎಣಿಸಿದರೋ? ನಾನು ಎಣಿಸಿದರೆ ಅದೇ ಸಂಖ್ಯೆ ಬರುತ್ತದೆಯೇ? ನೂರಾರು ಪದ ಎಣಿಸಿ ಬೇಕಾದ ಒಂದನ್ನೇ ತೋರಿಸಿದರೆ ಅದು ಸಂಶೋಧನೆಯಲ್ಲ. ನಂಬಿಕೆಗೆ ಅಂಥ ಲೆಕ್ಕದ ಆಸರೆ ಬೇಕಿಲ್ಲ ಎಂದೇ ನನ್ನ ಭಾವನೆ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಇಂದು ಕನ್ನಡ ಮಾತಾಡುವ, ಬರೆಯುವ ಕಂಪ್ಯೂಟರುಗಳು ಬಂದಿವೆ. ಅವು ಕನ್ನಡ ಕಲಿತದ್ದು ಬಹುಪಾಲು ಇಂಟರ್‌ನೆಟ್‌ನಲ್ಲಿರುವ ಬರಹದಿಂದ. ಅಲ್ಲಿ ಇರುವುದಷ್ಟೇ ಅವಕ್ಕೆ ಗೊತ್ತು. ಹುಬ್ಬಳ್ಳಿ-ಧಾರವಾಡದ ಮಾತಿನಲ್ಲಿ ಪ್ರಶ್ನೆ ಕೇಳಿ ನೋಡಿ, ಉತ್ತರ ಪುಸ್ತಕದ ಕನ್ನಡದಲ್ಲಿ ಬರುತ್ತದೆ. ದಖನಿಯಲ್ಲಿ ಕೇಳಿದರೆ ತಡವರಿಸುತ್ತವೆ. ರಿವಾಯತ್ ಪದದ ಬಗ್ಗೆ ನಾನು ಕೇಳಿದಾಗ ಸಿಕ್ಕಿದ್ದು ಎರಡು ಸಾಲಿನ ಸಾಮಾನ್ಯ ಮಾತು. ವಿದ್ವಾಂಸರು ಈ ಪದಗಳನ್ನು ಕಡೆಗಣಿಸಿಲ್ಲ. ಜಾನಪದ ಸಂಗ್ರಹಗಳಲ್ಲಿ ಇವು ಬಂದಿವೆ, ‘ಕರ್ನಾಟಕದ ಸೂಫಿಗಳು’ ಬರೆದ ರಹಮತ್ ತರೀಕೆರೆಯವರಂಥವರು ನಮ್ಮ ಮೊಹರಂ ಬಗ್ಗೆಯೂ ಆಳವಾಗಿ ಬರೆದಿದ್ದಾರೆ. ಆದರೆ ಹಾಡುಗಳ ಪಠ್ಯ ಕಂಪ್ಯೂಟರು ಓದಬಲ್ಲ ರೂಪದಲ್ಲಿ ವಚನಗಳಂತೆ ಒಂದೆಡೆ ಸಿಗುವುದಿಲ್ಲ.

ಲೆಕ್ಕಕ್ಕೆ ಬಾರದ್ದು ನಿಧಾನವಾಗಿ ಇಲ್ಲವೆಂದೇ ಆಗಿಬಿಡುತ್ತದೆ ಎಂಬುದು ನನ್ನ ಭಯ. ಮುಂದೊಂದು ದಿನ ಯಾರಾದರೂ ‘ಕನ್ನಡ ಸಾಹಿತ್ಯದಲ್ಲಿ ಕರ್ಬಲಾ’ ಎಂದು ಹುಡುಕಿ, ಏನೂ ಸಿಗದೆ, ಈ ಸಮುದಾಯದವರು ಕನ್ನಡದಲ್ಲಿ ಹಾಡಲೇ ಇಲ್ಲ ಎಂದು ಬರೆದರೆ? ನಮ್ಮ ದಾದಾ ಅವರ ಇಡೀ ಆಯುಷ್ಯದ ಹಾಡು ಒಂದು ಸೊನ್ನೆಯಾಗುತ್ತದೆ. ಆ ತಪ್ಪಿಗೆ ಕಂಪ್ಯೂಟರನ್ನು ದೂರಿ ಪ್ರಯೋಜನವಿಲ್ಲ. ಬರೆದಿಡದೆ ಸುಮ್ಮನಿದ್ದವರು ನಾವು.

ಈ ನೆಲದಲ್ಲಿ ಕೂಡಿಸಿದವರ ದೊಡ್ಡ ಪರಂಪರೆಯೇ ಇದೆ. ಜರ್ಮನಿಯಿಂದ ಬಂದ ಕಿಟೆಲ್ 1894ರಲ್ಲಿ ಸುಮಾರು 70 ಸಾವಿರ ಪದಗಳ ಕನ್ನಡ ನಿಘಂಟು ಕೊಟ್ಟರು. ಕ್ರೈಸ್ತ ಬೋಧಕರಾಗಿದ್ದ ಉತ್ತಂಗಿ ಚನ್ನಪ್ಪನವರು ಜನರ ಬಾಯಲ್ಲಿದ್ದ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಶಿಶುನಾಳ ಶರೀಫರು 1889ರಲ್ಲಿ ತೀರಿಕೊಂಡರೂ ಅವರ ಪದಗಳು ಭಜನಾ ಮೇಳಗಳ ಬಾಯಲ್ಲಿ ಉಳಿದುಬಂದವು, ಆಮೇಲೆ ಪುಸ್ತಕವಾದವು. ಕೂಡಿಸಿದವರು ಇದು ನನ್ನ ಧರ್ಮದ್ದೋ ಅಲ್ಲವೋ ಎಂದು ನೋಡಲಿಲ್ಲ. ಅವರು ಬೇರೆಯವರದ್ದನ್ನೇ ಇಷ್ಟು ಪ್ರೀತಿಯಿಂದ ಕೂಡಿಸಿರುವಾಗ, ನಮ್ಮ ಮನೆಯದನ್ನು ನಾವು ಕೂಡಿಸದಿದ್ದರೆ ಹೇಗೆ?

ಮೊಹರಂನ ಕೆಲವು ಆಚರಣೆಗಳ ಬಗ್ಗೆ ನಮ್ಮಲ್ಲೇ ಭಿನ್ನಾಭಿಪ್ರಾಯವಿದೆ ಎಂದು ನನಗೆ ಗೊತ್ತು. ನಮ್ಮ ಮನೆಯಲ್ಲೂ ಇದೆ. ಅದರ ಚರ್ಚೆ ಬೇರೆ. ಒಂದು ಆಚರಣೆಯನ್ನು ಒಪ್ಪದವರೂ ಅದರ ಹಾಡಿನ ಭಾಷೆಯನ್ನು ದಾಖಲಿಸಬಹುದು. ದಾಖಲಿಸಿದ್ದಾರೆ ಕೂಡ.

ನಮ್ಮ ಕಾಲೇಜಿನಲ್ಲಿ ಏನು ಮಾಡಬಹುದು? ದೊಡ್ಡ ಹಣ ಬೇಡ. ತಾರಿಹಾಳ, ಸುತ್ತಲಿನ ಹಳ್ಳಿಗಳು, ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆಂದು ಬೇರೆ ಬೇರೆ ತಾಲೂಕುಗಳಿಂದ ಬಂದ ಕುಟುಂಬಗಳು, ಎಲ್ಲ ಕಡೆಯ ಮಕ್ಕಳೂ ನಮ್ಮಲ್ಲಿ ಓದುತ್ತಿದ್ದಾರೆ. ಒಬ್ಬೊಬ್ಬರೂ ಮನೆಯ ಹಿರಿಯರಿಂದ ಒಂದೊಂದು ಪದ ದಾಖಲಿಸಿದರೆ ಸಾಕು. ರಿವಾಯತ್ ಪದವೇ ಆಗಬೇಕೆಂದಿಲ್ಲ. ಬೀಸುವ ಪದ, ಸೋಬಾನೆ ಪದ, ಮದುವೆಯಲ್ಲಿ ಹಾಡುವ ದಖನಿ ಹಾಡು, ಶರೀಫರ ಪದದ ಊರಿನ ಪಾಠ, ಯಾವುದಾದರೂ ಸರಿ. ಮೊದಲು ಹಾಡಿದವರ ಒಪ್ಪಿಗೆ ಪಡೆಯಬೇಕು. ಅವರು ಹೆಸರು ಹಾಕಬೇಡಿ ಎಂದರೆ ಹಾಕಬಾರದು. ಊರು, ವರ್ಷ, ಯಾರಿಂದ ಕಲಿತದ್ದು ಎಂಬ ಮೂರು ಸಂಗತಿ ಬರೆದಿಡಬೇಕು. ಇಷ್ಟಿಲ್ಲದ ಹಾಡು ಸಂಶೋಧನೆಗೆ ಅರ್ಧವೇ ಉಪಯೋಗ.

ಆಮೇಲೆ ಯುನಿಕೋಡ್‌ನಲ್ಲಿ ಟೈಪ್ ಮಾಡೋಣ. ಹಾಡಿದವರು ಹೇಗೆ ಉಚ್ಚರಿಸಿದರೋ ಹಾಗೆಯೇ ಬರೆಯಬೇಕು, ಶುದ್ಧ ಮಾಡಲು ಹೋಗಬಾರದು. ಪೈಥಾನ್ ಕಲಿಯುತ್ತಿರುವ ಗೆಳೆಯರು ಪದ ಎಣಿಸುವ ಪುಟ್ಟ ಪ್ರೋಗ್ರಾಂ ಬರೆಯಲಿ, ಅದಕ್ಕೆ 20 ಸಾಲು ಸಾಕು. ಯಾವ ರೂಪಗಳನ್ನು ಒಂದೇ ಪದವೆಂದು ಎಣಿಸಬೇಕು, ಯಾವ ‘ಕಣ’ ಯಾವ ಕಣ ಎಂದು ಕಲಾ ವಿಭಾಗದವರು ನಿರ್ಧರಿಸಲಿ. ಅರ್ಜಿ, ಜಮೀನು, ದವಾಖಾನೆ, ಖುರ್ಚಿಯಂಥ ಅರಬ್ಬಿ-ಫಾರಸಿ ಮೂಲದ ಪದಗಳು ನಮ್ಮ ಹಾಡುಗಳಲ್ಲಿ ಎಷ್ಟಿವೆ, ಅದೇ ಊರಿನ ಬೀಸುವ ಪದಗಳಲ್ಲಿ ಎಷ್ಟಿವೆ ಎಂದು ಹೋಲಿಸಿದರೆ ಅದೊಂದು ನಿಜವಾದ ಸಂಶೋಧನೆ. ಉತ್ತರ ಏನು ಬರುತ್ತದೆಂದು ನನಗೆ ಈಗ ಗೊತ್ತಿಲ್ಲ. ಅದಕ್ಕೇ ಮಾಡಬೇಕೆನಿಸುತ್ತದೆ.

ನಮ್ಮ ಅವಳಿ ನಗರದಲ್ಲಿ ಒಂದು ಕಡೆ ಐಐಟಿ, ಐಐಐಟಿ ಇವೆ, ಇನ್ನೊಂದು ಕಡೆ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠವಿದೆ. ಧಾರವಾಡದ ಬೇಂದ್ರೆಯವರು ಕವಿತೆಯ ಜೊತೆಗೆ ಸಂಖ್ಯೆಗಳ ಹುಚ್ಚನ್ನೂ ಹಚ್ಚಿಕೊಂಡಿದ್ದರು, 441 ಎಂಬ ಸಂಖ್ಯೆ ಅವರನ್ನು ಬಹಳ ಸೆಳೆದಿತ್ತು. ಅವರಿಗೆ ಇಲ್ಲದ ಗೋಡೆಯನ್ನು ನಾವು ಪ್ರಥಮ ಪಿಯುಸಿಗೆ ಅರ್ಜಿ ತುಂಬುವ ದಿನವೇ ಕಟ್ಟಿಕೊಳ್ಳುತ್ತೇವೆ. ವಿಜ್ಞಾನ ತೆಗೆದುಕೊಂಡವರಿಗೆ ಕನ್ನಡವೋ ಉರ್ದುವೋ ಬರೀ ಅಂಕಕ್ಕೆ. ಕಲಾ ವಿಭಾಗದವರಿಗೆ ಕಂಪ್ಯೂಟರ್ ಲ್ಯಾಬಿನ ಬಾಗಿಲೇ ಗೊತ್ತಿಲ್ಲ. ವಾರಕ್ಕೆ ಒಂದು ಪೀರಿಯಡ್ ಇಬ್ಬರಿಗೂ ಲ್ಯಾಬ್ ತೆರೆಯಬೇಕೆಂದು ಪ್ರಾಚಾರ್ಯರಲ್ಲಿ ಮತ್ತು ಗುರುಗಳಲ್ಲಿ ವಿನಂತಿಸುತ್ತೇನೆ. ಕನ್ನಡ, ಉರ್ದು ಮತ್ತು ಕಂಪ್ಯೂಟರ್ ವಿಭಾಗದ ಗುರುಗಳು ಒಟ್ಟಿಗೆ ಕುಳಿತು ನಮಗೆ ದಾರಿ ತೋರಿಸಲಿ.

ದಾದಾ ಅವರ ನಾಲ್ಕು ನಿಮಿಷದ ಪದವನ್ನು ನಾನು ಟೈಪ್ ಮಾಡಿ ಮುಗಿಸಿದ್ದೇನೆ. ಮಿಕ್ಸರ್ ಸದ್ದಿನಲ್ಲಿ ಎರಡು ಸಾಲು ಕೇಳಿಸುವುದಿಲ್ಲ. ಅಲ್ಲಿ ಖಾಲಿ ಬಿಟ್ಟಿದ್ದೇನೆ. ಆ ಸಾಲು ಗೊತ್ತಿರುವವರು ಕುಂದಗೋಳ ಕಡೆ ಇನ್ನೂ ಯಾರಾದರೂ ಇರಬಹುದು. ಬರುವ ರಜೆಯಲ್ಲಿ ಅಬ್ಬಾ ಜೊತೆ ಹೋಗಿ ಕೇಳುವವನಿದ್ದೇನೆ. ನಿಮ್ಮ ಮನೆಯಲ್ಲಿ ಹಾಡುವ ಹಿರಿಯರಿದ್ದರೆ ಈ ವಾರವೇ ಅವರ ಮುಂದೆ ಕುಳಿತುಕೊಳ್ಳಿ. ಮಿಕ್ಸರ್ ಬಂದ್ ಮಾಡುವುದನ್ನು ಮಾತ್ರ ಮರೆಯಬೇಡಿ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿ